ಆರು ಪದಗಳಲ್ಲಿ ಅಪ್ಪ, ಅಮ್ಮ, ನಾನು

ಆರು ಪದಗಳಲ್ಲಿ ನಿಮ್ಮ ಹಾಗೂ ಮನೆಯವರ ಆತ್ಮಕಥೆ ಬರೆಯಲು ಹೊರಟರೆ ಬರೀ ಹೊಗಳಿಕೆಯ ಸಾಲು ಹುಟ್ಟುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಮೊದಲು ಬರೆದದ್ದೂ ಅಂಥದ್ದೇ: "ತ್ಯಾಗಮಯಿ, ಸಹನಾಮೂರ್ತಿ, ಕರುಣಾಳು, ನನ್ನ ಪ್ರೀತಿಯ ಅಮ್ಮ." ಪದಗಳು ಆರಿದ್ದವು. ಆದರೆ ಅದನ್ನು ಯಾರ ಅಮ್ಮನ ಹೆಸರಿನ ಮುಂದೆ ಬರೆದರೂ ಸಲ್ಲುತ್ತಿತ್ತು.

ಗುಣಗಳನ್ನು ಬಿಟ್ಟು ಒಂದು ವಸ್ತುವನ್ನೋ ಒಂದು ಕೆಲಸವನ್ನೋ ಹಿಡಿಯಿರಿ. ಅಪ್ಪ ತೀರಿಕೊಂಡ ಮೇಲೆ ನಾನು ಬರೆದ ಸಾಲು ಇದು: "ಅಪ್ಪನ ಗಡಿಯಾರ ಈಗಲೂ ಹತ್ತು ನಿಮಿಷ ಮುಂದಿದೆ." ಎಲ್ಲಿಗೂ ತಡವಾಗಬಾರದೆಂದು ಮುಳ್ಳುಗಳನ್ನು ಅವರೇ ಮುಂದಕ್ಕೆ ತಿರುಗಿಸಿಟ್ಟಿದ್ದರು. ಅವರ ಶಿಸ್ತು, ಆತಂಕ ಎರಡೂ ಆ ಹತ್ತು ನಿಮಿಷದಲ್ಲಿವೆ. ಅವರಿಲ್ಲ ಎಂಬುದನ್ನು "ಈಗಲೂ" ಹೇಳುತ್ತದೆ.

ಪದಗಳ ಎಣಿಕೆಗೆ ತೀರಾ ಹೆದರಬೇಡಿ. ಆರು ಪದಗಳ ಆತ್ಮಕಥೆ ಹೆಸರಾದದ್ದು 2006ರಲ್ಲಿ ಅಮೆರಿಕದ ಸ್ಮಿತ್ ಎಂಬ ಆನ್‌ಲೈನ್ ಪತ್ರಿಕೆ ಓದುಗರಿಂದ ಇಂಥ ಸಾಲುಗಳನ್ನು ಕೇಳಿದ ಮೇಲೆ. (ಮಗುವಿನ ಬೂಟುಗಳು ಮಾರಾಟಕ್ಕಿವೆ ಎಂಬ, ಇಂಗ್ಲಿಷಿನ ಆರು ಪದಗಳ ಕಥೆಯನ್ನು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಬರೆದರೆಂದು ಎಲ್ಲೆಡೆ ಹೇಳುತ್ತಾರೆ, ಅದಕ್ಕೆ ಆಧಾರವಿಲ್ಲ.) ಆರು ಎಂಬುದು ಇಂಗ್ಲಿಷಿಗೆ ಹಾಕಿಕೊಂಡ ಲೆಕ್ಕ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ "ಬರಲಾಗಲಿಲ್ಲ" ಎಂಬ ಒಂದೇ ಪದ ಒಂದು ಪೂರ್ತಿ ಸೋಲನ್ನು ಹೇಳಬಲ್ಲದು. ಕ್ರಿಯಾಪದದಲ್ಲೇ ಕರ್ತೃ ಅಡಗಿರುವುದರಿಂದ "ನಾನು" ಎಂದು ಬರೆಯಬೇಕಾಗಿಲ್ಲ: "ಜಗಳವಾಡಿದ ಅಣ್ಣನ ಅಂಗಿಯನ್ನೇ ತೊಟ್ಟು ಸಂದರ್ಶನಕ್ಕೆ ಹೋದೆ." ಆದರೆ ಎಣಿಕೆ ಉಳಿಸಲೆಂದು ಪದಗಳನ್ನು ಬಲವಂತವಾಗಿ ಬೆಸೆಯಬೇಡಿ. ಗಟ್ಟಿಯಾಗಿ ಓದಿದರೆ ಆ ಬೆಸುಗೆ ಕಿವಿಗೆ ಒರಟಾಗಿ ತಾಕುತ್ತದೆ.

ಸಾಲು ಹೊಳೆಯದಿದ್ದರೆ ಮೊದಲು ಒಂದು ಪುಟ ಬರೆಯಿರಿ. ಬೇರೆ ಯಾರಿಗೂ ಗೊತ್ತಿರಲಾರದ ಸಂಗತಿ ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಿರಿ, ಉಳಿದದ್ದನ್ನು ಬಿಡಿ.

ಬದುಕಿರುವವರ ಬಗ್ಗೆ ಬರೆದದ್ದನ್ನು ಮಾತ್ರ ಇತರರಿಗೆ ತೋರಿಸುವ ಮೊದಲು ಅವರಿಗೇ ಓದಿ ಹೇಳಿ. ಅಮ್ಮನ ಬಗ್ಗೆ ಎರಡನೆಯ ಸಲ ಹೀಗೆ ಬರೆದಿದ್ದೆ: "ನನ್ನ ಅಂಕಪಟ್ಟಿಗೆಂದೇ ಅಮ್ಮ ಸಹಿ ಹಾಕಲು ಕಲಿತಳು." ಚಿಕ್ಕಂದಿನಿಂದ ಹಾಗೆಂದೇ ನಂಬಿದ್ದೆ. ಓದಿದಾಗ ಅವಳು ತಲೆಯಾಡಿಸಿ, "ನೀನು ಹುಟ್ಟುವ ಮೊದಲೇ ಕಲಿತಿದ್ದೆ" ಎಂದಳು. ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವಾಗ ಗುಮಾಸ್ತನೊಬ್ಬ ಮಾತಿಲ್ಲದೆ ಅವಳ ಬೆರಳನ್ನು ಹಿಡಿದು ಎಳೆದಿದ್ದನಂತೆ. ಮನೆಗೆ ಬಂದು ಆ ರಾತ್ರಿಯೇ ಹೆಸರು ತಿದ್ದಲು ಕುಳಿತಳಂತೆ. ಇಷ್ಟು ವರ್ಷ ಅವಳ ಕಥೆಯ ನಡುವೆ ನಾನು ಕುಳಿತುಬಿಟ್ಟಿದ್ದೆ. ಆ "ನನ್ನ" ಎಂಬ ಪದವನ್ನೇ ತೆಗೆದು ಸಾಲನ್ನು ಹೊಸದಾಗಿ ಬರೆದೆ:

"ಗುಮಾಸ್ತ ಹೆಬ್ಬೆರಳು ಹಿಡಿದೆಳೆದ, ಅಮ್ಮ ಸಹಿ ಕಲಿತಳು."

ಅವಳು ಎರಡು ಸಲ ಓದಿಸಿಕೊಂಡಳು. ಆಮೇಲೆ ಪೆನ್ನು ಕೇಳಿದಳು. ನನ್ನ ನೋಟ್‌ಬುಕ್‌ನಲ್ಲಿ ಆ ಸಾಲಿನ ಕೆಳಗೆ ಈಗ ಅವಳ ಸಹಿ ಇದೆ.