ಮ್ಯಾನೇಜ್ಡ್ ಡೇಟಾಬೇಸೋ, ಸ್ವಂತ ವಿಎಂನ ಪೋಸ್ಟ್‌ಗ್ರೆಸ್ಸೋ?
ಮೂವರು ಡೆವಲಪರ್‌ಗಳು, 80 ಜಿಬಿಯ ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದನ್ನೇ ನೋಡಿಕೊಳ್ಳುವ ಡಿಬಿಎ ಇಲ್ಲ. ಕ್ಲೌಡ್ ಕಂಪನಿಯೇ ನಡೆಸಿಕೊಡುವ ಮ್ಯಾನೇಜ್ಡ್‌ಗೆ ಹೆಚ್ಚು ದುಡ್ಡು ತೆರಬೇಕೇ, ವಿಎಂನಲ್ಲೇ (ವರ್ಚುವಲ್ ಮೆಷಿನ್) ನಾವೇ ಹಾಕಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಮ್ಯಾನೇಜ್ಡ್ ತಗೊಳ್ಳಿ. ತಿಂಗಳ ಬಿಲ್ಲನ್ನು ಆಮೇಲೆ ಹೋಲಿಸಿ. ಯಾರೋ 2:10ಕ್ಕೆ ವೇರ್ ಷರತ್ತಿಲ್ಲದ ಡಿಲೀಟ್ ಓಡಿಸಿ ಟೇಬಲ್ಲಿನ ಸಾಲುಗಳನ್ನೆಲ್ಲ ಅಳಿಸಿದರೆ 2:09ರ ಸ್ಥಿತಿಯನ್ನು ಮರಳಿ ತರುವವರು ನಿಮ್ಮಲ್ಲಿ ಯಾರು, ಮೊದಲು ಅದನ್ನು ಹೇಳಿ.

ಇದಕ್ಕೆ ಡೇಟಾಬೇಸಿನ ಪ್ರತಿ ತೆಗೆಯುವ ಪಿಜಿ ಡಂಪ್ ಸಾಲದು, ಅದರಲ್ಲಿ ಸಿಗುವುದು ಡಂಪ್ ಶುರುವಾದ ಕ್ಷಣದ ಸ್ಥಿತಿ ಮಾತ್ರ. ಇಡೀ ಸರ್ವರಿನ ಫೈಲುಗಳ ಬೇಸ್ ಬ್ಯಾಕಪ್ ತೆಗೆದು, ಆಮೇಲಿನ ವಾಲ್ (WAL, ಪ್ರತಿ ಬದಲಾವಣೆಯ ದಾಖಲೆ) ಫೈಲುಗಳನ್ನೆಲ್ಲ ಬಿಡದೆ ಬೇರೆ ಸ್ಟೋರೇಜಿಗೆ ಸಾಗಿಸುತ್ತಿರಬೇಕು. ಬಾರ್ಮನ್, ವಾಲ್-ಜಿ ಎಂಬ ಟೂಲ್‌ಗಳಿರುವುದೇ ಇದಕ್ಕೆ. ಎಡವಟ್ಟಾಗುವುದೂ ಇಲ್ಲೇ. ಹಾಗೆ ಸಾಗಿಸುವ ಆರ್ಕೈವ್ ಕಮಾಂಡ್ ಸೋಲುತ್ತಿದ್ದರೆ ಪೋಸ್ಟ್‌ಗ್ರೆಸ್ ಆ ಫೈಲುಗಳನ್ನು ಅಳಿಸದೆ ಇಟ್ಟುಕೊಳ್ಳುತ್ತದೆ. ಡಿಸ್ಕ್ ತುಂಬಿದಾಗ ಸರ್ವರ್ ಬೀಳುತ್ತದೆ. ಸತ್ತ ರೆಪ್ಲಿಕಾದ (ನಕಲು ಸರ್ವರಿನ) ಸ್ಲಾಟ್, ಅಂದರೆ ಅದಕ್ಕಾಗಿ ವಾಲ್ ಫೈಲುಗಳನ್ನು ಹಿಡಿದಿಡುವ ಗುರುತು, ಉಳಿದಿದ್ದರೂ ಇದೇ ಗತಿ. ಸ್ಲಾಟ್ ಎಷ್ಟು ಹಿಡಿದಿಡಬಹುದೆಂದು ಮಿತಿ ಹಾಕುವ ಸೆಟ್ಟಿಂಗ್ ಪೋಸ್ಟ್‌ಗ್ರೆಸ್ 13ನೇ ಆವೃತ್ತಿಯಲ್ಲಿ ಬಂತು, ಆದರೆ ನೀವಾಗಿ ಹಾಕುವವರೆಗೆ ಮಿತಿ ಇರುವುದಿಲ್ಲ. ಗಾಬರಿಯಲ್ಲಿ ವಾಲ್ ಫೈಲುಗಳನ್ನು ಕೈಯಾರೆ ಅಳಿಸಲು ಮಾತ್ರ ಹೋಗಬೇಡಿ, ಸರ್ವರ್ ಮತ್ತೆ ಮೇಲೇಳದೇ ಹೋಗಬಹುದು.

2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ಸರ್ವರಿನ ಡೇಟಾ ಕೈತಪ್ಪಿ ಅಳಿಸಿಹೋಯಿತು. ಡೇಟಾಬೇಸಿನ ಆವೃತ್ತಿ 9.6, ಪಿಜಿ ಡಂಪಿನದು ಹಳೆಯ 9.2, ಹಾಗಾಗಿ ಬ್ಯಾಕಪ್ ಆಗುತ್ತಲೇ ಇರಲಿಲ್ಲ, ಎಚ್ಚರಿಕೆಯ ಇಮೇಲ್‌ಗಳೂ ತಲುಪಿರಲಿಲ್ಲ. ಕೊನೆಗೆ ಉಳಿಸಿದ್ದು ಸುಮಾರು 6 ಗಂಟೆ ಹಳೆಯ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಹೊತ್ತಿನ ನಕಲು. ಅಲ್ಲಿ ಡೇಟಾಬೇಸ್ ಬಲ್ಲವರಿದ್ದರು ಅನ್ನುವುದು ನೆನಪಿರಲಿ.

ಸ್ವಂತದ್ದರಲ್ಲಿ ತಾನಾಗೇ ಫೇಲ್‌ಓವರ್ ಆಗಬೇಕೆಂದರೆ, ಅಂದರೆ ಮುಖ್ಯ ಸರ್ವರ್ ಬಿದ್ದಾಗ ರೆಪ್ಲಿಕಾ ಅದರ ಜಾಗಕ್ಕೆ ಬರಬೇಕೆಂದರೆ, ಅದನ್ನು ನಡೆಸುವ ಪ್ಯಾಟ್ರೋನಿ ಬೇಕು, ಜೊತೆಗೆ ಯಾರು ಮುಖ್ಯ ಎಂಬುದನ್ನು ಬಹುಮತದಿಂದ ದಾಖಲಿಸುವ ಎಟ್‌ಸಿಡಿಗೆ 3 ನೋಡ್ (ಯಂತ್ರ). ಎರಡೇ ಇದ್ದರೆ ಒಂದು ಬಿದ್ದಾಗ ಬಹುಮತವೇ ಇರುವುದಿಲ್ಲ.

ಮ್ಯಾನೇಜ್ಡ್ ಎಂದರೆ ನಿಶ್ಚಿಂತೆ ಅಂದುಕೊಳ್ಳಬೇಡಿ. ಅಮೆಜಾನಿನ ಮ್ಯಾನೇಜ್ಡ್ ಸೇವೆ ಆರ್‌ಡಿಎಸ್‌ನ ಸ್ವಯಂಚಾಲಿತ ಬ್ಯಾಕಪ್ ಹೆಚ್ಚೆಂದರೆ 35 ದಿನದ್ದು. ರಿಸ್ಟೋರ್ ಮಾಡಿದರೆ ಹೊಸ ಇನ್‌ಸ್ಟೆನ್ಸ್ (ಡೇಟಾಬೇಸ್ ಸರ್ವರ್) ಹುಟ್ಟುತ್ತದೆ, ವಿಳಾಸವೂ ಹೊಸದು, ಆ್ಯಪಿನ ಕಾನ್ಫಿಗ್ ಬದಲಿಸಬೇಕು. ಎಲ್ಲವನ್ನೂ ಮಾಡಬಲ್ಲ ಪೂರ್ಣ ಸೂಪರ್‌ಯೂಸರ್ ಹಕ್ಕಿಲ್ಲ, ಅವರ ಪಟ್ಟಿಯಲ್ಲಿಲ್ಲದ ಎಕ್ಸ್‌ಟೆನ್ಷನ್ (ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಹಾಕಲಾಗದು. ಇಂಡೆಕ್ಸ್ ಇಲ್ಲದ ಕ್ವೆರಿ ಅಲ್ಲೂ ತೆವಳುತ್ತದೆ! ವಾರಕ್ಕೊಂದು ಪಿಜಿ ಡಂಪನ್ನು ಬೇರೆಯೇ ಕ್ಲೌಡ್ ಅಕೌಂಟಿನಲ್ಲಿಡಿ. ಇರುವ ಅಕೌಂಟೇ ಕೈಬಿಟ್ಟರೆ ಅದೊಂದೇ ದಿಕ್ಕು.

ಪಟ್ಟಿಯಲ್ಲಿಲ್ಲದ ಎಕ್ಸ್‌ಟೆನ್ಷನ್ ಬೇಕೇಬೇಕು ಅಂದರೆ ಸ್ವಂತದ್ದೇ ಗತಿ. ಆಗ ಲೈವ್ ಹೋಗುವ ಮುನ್ನ ಖಾಲಿ ವಿಎಂ ಒಂದರಲ್ಲಿ ನಿನ್ನೆಯ ಯಾವುದಾದರೂ ನಿಮಿಷಕ್ಕೆ ರಿಸ್ಟೋರ್ ಮಾಡಿ, ಎಷ್ಟು ಹೊತ್ತಾಯಿತೆಂದು ಬರೆದಿಡಿ. ಸೆಟಪ್ ಮಾಡಿದವರ ಕೈಲಿ ಬೇಡ, ಉಳಿದ ಇಬ್ಬರಲ್ಲಿ ಒಬ್ಬರ ಕೈಲಿ ಮಾಡಿಸಿ.