ಆರ್ಕ್ ಎಣ್ಣೆಯೊಳಗೆ ಉರಿಯುವುದಿಲ್ಲ, ಗುಳ್ಳೆಯೊಳಗೆ ಉರಿಯುತ್ತದೆ

ನಮಸ್ಕಾರ,

ನಿಮ್ಮ 'ದ್ರವಗಳಲ್ಲಿ ವಿದ್ಯುತ್ ಚಾಪ' ಲೇಖನ ಎರಡು ಸಲ ಓದಿದೆ. ಚಾಪ ಅಂದರೆ ಆರ್ಕ್, ಎರಡು ಲೋಹದ ತುದಿಗಳ ನಡುವಿನ ಅಂತರವನ್ನು ಕರೆಂಟು ದಾಟುವಾಗ ಉರಿಯುವ ಜ್ವಾಲೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪಿನ ವಿಷಯ. 'ನೀರು ಬೆಂಕಿ ಆರಿಸುವಂತೆ ಎಣ್ಣೆ ಆರ್ಕನ್ನು ಆರಿಸುತ್ತದೆ' ಅಂದಿದ್ದೀರಿ. ಹಾಗಲ್ಲ. ಎಣ್ಣೆ ಬ್ರೇಕರ್ ಅಂದರೆ ತೊಂದರೆಯಾದಾಗ ಕರೆಂಟು ಕಡಿಯುವ, ಎಣ್ಣೆ ತುಂಬಿದ ಸ್ವಿಚ್. ಅದರ ಕಾಂಟ್ಯಾಕ್ಟ್‌ಗಳು, ಅಂದರೆ ಕರೆಂಟು ದಾಟುವ ಲೋಹದ ತುದಿಗಳು, ದೂರ ಸರಿಯುತ್ತಿದ್ದಂತೆ ನಡುವೆ ಸಾವಿರಾರು ಡಿಗ್ರಿ ಬಿಸಿ ಹುಟ್ಟುತ್ತದೆ, ಸುತ್ತಲಿನ ಎಣ್ಣೆ ಆವಿಯಾಗಿ, ಒಡೆದು, ಅನಿಲದ ಗುಳ್ಳೆಯಾಗುತ್ತದೆ, ಆರ್ಕ್ ಉರಿಯುವುದು ಆ ಗುಳ್ಳೆಯೊಳಗೆ. ಕಾದ ಕಾವಲಿಗೆ ನೀರು ಚಿಮುಕಿಸಿದರೆ ಹನಿಗಳು ತಮ್ಮದೇ ಆವಿಯ ಮೇಲೆ ಓಡಾಡುತ್ತವಲ್ಲ, ಕಾವಲಿಗೆ ಅಂಟುವುದಿಲ್ಲ, ಇಲ್ಲೂ ಬಿಸಿಗೂ ದ್ರವಕ್ಕೂ ನಡುವೆ ಅಂಥದ್ದೇ ಒಂದು ಪದರ. ಆ ಅನಿಲದಲ್ಲಿ ನೂರಕ್ಕೆ ಸುಮಾರು 70 ಭಾಗ ಹೈಡ್ರೋಜನ್, ಉಳಿದದ್ದರಲ್ಲಿ ಜಾಸ್ತಿ ಅಸಿಟಿಲೀನ್. ಹೈಡ್ರೋಜನ್ ಶಾಖವನ್ನು ಬೇಗ ಹೊತ್ತೊಯ್ಯುತ್ತದೆ. ನಮ್ಮ 50 ಹರ್ಟ್ಜ್ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಆಗ ಆರ್ಕ್ ತಾನಾಗೇ ಆರುತ್ತದೆ. ಅದು ಮತ್ತೆ ಹೊತ್ತಿಕೊಳ್ಳದ ಹಾಗೆ ಆ ಜಾಗವನ್ನು ತಣ್ಣಗೆ ಮಾಡುವುದೇ ಹೈಡ್ರೋಜನ್ ಮತ್ತು ನುಗ್ಗಿ ಬರುವ ಎಣ್ಣೆಯ ಕೆಲಸ. ನಿಮ್ಮ ಒಂಬತ್ತು ಪುಟದಲ್ಲಿ ಗುಳ್ಳೆ ಅನ್ನುವ ಮಾತೇ ಇಲ್ಲ!

ಮೊದಲ ಎರಡು ಪುಟದ ಮಿಂಚಿನ ವರ್ಣನೆ ತೆಗೆದುಬಿಡಿ. 'ಚಾಪ'ವನ್ನೂ ಬಿಡಿ, ನಿಮ್ಮ ಸಬ್‌ಸ್ಟೇಷನ್‌ನಲ್ಲಿ ಯಾರಾದರೂ ಹಾಗೆ ಹೇಳುತ್ತಾರಾ? ಆರ್ಕ್ ಅಂತಲೇ ಬರೆಯಿರಿ.

ನಿಜವಾದ ಲೇಖನ ಶುರುವಾಗುವುದು ಐದನೇ ಪುಟದಲ್ಲಿ. ಹಳೇ ಎಣ್ಣೆ ಬ್ರೇಕರ್‌ನ ಟ್ಯಾಂಕ್ ಇಳಿಸಿದಿರಿ, ಎಣ್ಣೆ ಕಾಫಿ ಡಿಕಾಕ್ಷನ್ ಥರ ಇತ್ತು, ಕಾಂಟ್ಯಾಕ್ಟ್‌ನ ತುದಿ ಇಲಿ ಕಡಿದ ಹಾಗಿತ್ತು. ಎಷ್ಟು ಚೆನ್ನಾಗಿ ನೋಡಿದ್ದೀರಿ! ಆದರೆ ತಕ್ಷಣ 'ಹಳೆಯದಾದ್ದರಿಂದ ಕಪ್ಪಾಗಿತ್ತು' ಅಂತ ಹೇಳಿ ಮುಂದೆ ಹೋಗಿದ್ದೀರಿ. ಹಳೆಯದಾದರೂ ಎಣ್ಣೆ ಬಣ್ಣ ತಿರುಗುತ್ತದೆ, ನಿಜ. ಆದರೆ ಬ್ರೇಕರ್‌ನಲ್ಲಿ ಆ ಮಸಿಗೆ ಮುಖ್ಯ ಕಾರಣ ಆರ್ಕ್. ಒಂದೊಂದು ಸಲ ಟ್ರಿಪ್ ಆದಾಗಲೂ ಒಡೆದ ಎಣ್ಣೆಯಿಂದ ಬಿಟ್ಟುಹೋದ ಇಂಗಾಲ ಅದು, ಆ ಬ್ರೇಕರ್ ಎಷ್ಟು ಆರ್ಕ್ ತಡೆದಿದೆ ಅನ್ನುವುದರ ಲೆಕ್ಕ ನಿಮ್ಮ ಕೈಗೇ ಅಂಟಿತ್ತು.

ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಅನಿಲ ಹುಟ್ಟಿದರೆ ಎಚ್ಚರಿಸುವ ಬುಕೋಲ್ಜ್ ರಿಲೇ ಬಗ್ಗೆ ಬರೆದದ್ದು ಸರಿ ಇದೆ. ಅದಕ್ಕೆ ಒಂದು ಮಾತು ಸೇರಿಸಿ: ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆಯಲ್ಲಿ ಅಸಿಟಿಲೀನ್ ಏರುತ್ತಾ ಹೋದರೆ ಎಂಜಿನಿಯರುಗಳು ಗಾಬರಿಯಾಗುವುದು ಒಳಗೆಲ್ಲೋ ಆರ್ಕ್ ಆಗುತ್ತಿದೆ ಅಂತ. ನೀರೊಳಗಿನ ವೆಲ್ಡಿಂಗ್ ಈ ಲೇಖನಕ್ಕೆ ಬೇಡ. ಅಲ್ಲೂ ಗುಳ್ಳೆಯೇ, ನೀರು ಒಡೆದು ಬಂದ ಹೈಡ್ರೋಜನ್ ಬೆಸುಗೆಗೆ ಸೇರಿ ಬಿರುಕು ತರುತ್ತದೆ, ಆದರೆ ಅದು ಬೇರೆಯದೇ ಬರಹ ಆಗುವಷ್ಟಿದೆ.

ನಾಲ್ಕು ಪುಟದಲ್ಲಿ ಮತ್ತೆ ಬರೆದು ಕಳಿಸಿ. ಟ್ಯಾಂಕ್ ಇಳಿಸಿದ ದಿನದಿಂದಲೇ ಶುರು ಮಾಡಿ. ಅಂದಹಾಗೆ, ಆ ಎಣ್ಣೆಯ ವಾಸನೆ ಹೇಗಿತ್ತು? ಅದನ್ನು ಬರೆದೇ ಇಲ್ಲ ನೀವು.