ಗುಹೆಯ ಬೆಳಕೂ ಕದ್ದ ತಾಯ್ತನವೂ: 'ಲಾಸ್ಟ್' ಕುರಿತು ಕೊಡಗಿನ ಓದುಗರ ಪ್ರಶ್ನೆಗಳು

ಅಮೆರಿಕದ 'ಲಾಸ್ಟ್' ಧಾರಾವಾಹಿಯ ಕೊನೆಯ ಸೀಸನ್ ಹೇಗಿದೆ ಎಂದು ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು ಕೇಳಿದ್ದರು. ಉತ್ತರಿಸುವಾಗ, ಅದರಲ್ಲಿನ 'ಅಕ್ರಾಸ್ ದ ಸೀ' ಎಂಬ ಕಂತು ಇಡೀ ಧಾರಾವಾಹಿಯಲ್ಲೇ ನನಗೆ ಬಹಳ ಮೆಚ್ಚುಗೆಯಾದದ್ದು ಎಂದು ಒಂದೇ ವಾಕ್ಯದಲ್ಲಿ ಬರೆದಿದ್ದೆ. ಆ ವಾಕ್ಯವನ್ನು ಒಪ್ಪಿಯೂ ಒಪ್ಪದೆಯೂ ಜಿಲ್ಲೆಯ ನಾನಾ ಕಡೆಗಳಿಂದ ಪತ್ರಗಳು ಬಂದಿವೆ. ಮಳೆಗಾಲದಲ್ಲಿ ತೋಟಕ್ಕೆ ಇಳಿಯಲಾಗದ ದಿನಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಆರೂ ಸೀಸನ್‌ಗಳನ್ನು ನೋಡಿ ಮುಗಿಸಿದವರು ಇವರಲ್ಲಿ ಹೆಚ್ಚು. ಒಂದೇ ಕಂತಿನ ಬಗ್ಗೆ ಒಂದೇ ಮನೆಯಲ್ಲಿ ಎರಡು ಅಭಿಪ್ರಾಯಗಳಿರುವುದನ್ನು ಈ ಪತ್ರಗಳಲ್ಲಿ ಕಂಡು, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಸಿಡ್ನಿಯಿಂದ ಲಾಸ್ ಏಂಜಲಿಸ್‌ಗೆ ಹೊರಟ ವಿಮಾನವೊಂದು ನಡುಗಡಲಿನ ದ್ವೀಪದ ಮೇಲೆ ಮುರಿದು ಬೀಳುತ್ತದೆ. ಬದುಕುಳಿದವರು, ಅವರನ್ನು ಕಾಡುವ ಕಪ್ಪು ಹೊಗೆಯ ಭೂತ, ದ್ವೀಪವನ್ನು ಕಾಯುವ ಜೇಕಬ್ ಇವರ ಸುತ್ತ 2004ರಿಂದ 2010ರವರೆಗೆ ಧಾರಾವಾಹಿ ನಡೆಯಿತು. 2010ರ ಮೇ 11ರಂದು ಪ್ರಸಾರವಾದ ಈ ಕಂತು ಅವರನ್ನೆಲ್ಲ ಬದಿಗಿಟ್ಟು ನೂರಾರು ವರ್ಷ ಹಿಂದಕ್ಕೆ ಹೋಗುತ್ತದೆ. ಹಡಗು ಒಡೆದು ದಡ ಸೇರಿದ ಕ್ಲೌಡಿಯಾ ಎಂಬ ಬಸುರಿ ಅವಳಿ ಗಂಡುಮಕ್ಕಳನ್ನು ಹೆರುತ್ತಾಳೆ. ಹೆರಿಗೆ ಮಾಡಿಸಿದ ಹೆಸರಿಲ್ಲದ ಹೆಂಗಸೇ ಅವಳನ್ನು ಕಲ್ಲಿನಿಂದ ಹೊಡೆದು ಕೊಂದು, ಮಕ್ಕಳನ್ನು ತನ್ನವೆಂದು ಸಾಕುತ್ತಾಳೆ. ನಿಜ ತಿಳಿದ ಒಬ್ಬ ಮಗ ಅವಳನ್ನು ತೊರೆದು ಹಡಗಿನ ಜನರ ಜೊತೆ ಸೇರುತ್ತಾನೆ. ಇನ್ನೊಬ್ಬ ಮಗ ಜೇಕಬ್ ಅವಳ ಬಳಿಯೇ ಉಳಿಯುತ್ತಾನೆ. 30 ವರ್ಷಗಳ ಬಳಿಕ ಆ ಮಗ ದ್ವೀಪ ಬಿಡುವ ದಾರಿ ಕಂಡುಕೊಂಡಾಗ, ಸಾಕುತಾಯಿ ಅವನು ತೋಡಿದ ಬಾವಿಯನ್ನು ಮುಚ್ಚಿಸುತ್ತಾಳೆ, ಅವನ ಜನರೆಲ್ಲ ಸಾಯುತ್ತಾರೆ. ಅವನು ಅವಳನ್ನು ಇರಿದು ಕೊಲ್ಲುತ್ತಾನೆ. ಕೋಪದಲ್ಲಿ ಜೇಕಬ್ ಅವನನ್ನು ಬೆಳಕು ಉಕ್ಕುವ ಗುಹೆಯೊಳಕ್ಕೆ ನೂಕಿದಾಗ, ಅಲ್ಲಿಂದ ಹೊರಗೆ ಬರುವುದು ಕಪ್ಪು ಹೊಗೆ.

ಪ್ರಶ್ನೆ: ಆರು ವರ್ಷ ಕಾಯಿಸಿ ಕೊನೆಗೆ ದ್ವೀಪದ ಗುಟ್ಟೆಂದರೆ ಗುಹೆಯೊಳಗಿನ ಹೊಂಬಣ್ಣದ ಬೆಳಕು ಎಂದು ತೋರಿಸಿದರೆ ಹೇಗೆ? ಅದು ಏನು, ಎಲ್ಲಿಂದ ಬಂತು ಎಂಬುದನ್ನು ಯಾರೂ ಹೇಳುವುದೇ ಇಲ್ಲ. ನೋಡುಗರ ನಂಬಿಕೆಗೆ ಇದು ಮೋಸವಲ್ಲವೇ? (ನಿವೃತ್ತ ಶಿಕ್ಷಕಿ, ವಿರಾಜಪೇಟೆ)

ಉತ್ತರ: ನಿಮ್ಮ ಬೇಸರದಲ್ಲಿ ನ್ಯಾಯವಿದೆ, ಆದರೆ ನೀವು ಕೊಟ್ಟಿರುವ ಕಾರಣ ನನಗೆ ಒಪ್ಪಿಗೆಯಾಗುವುದಿಲ್ಲ. ಬೆಳಕು ಏನೆಂದು ಹೇಳದೇ ಇರುವುದು ಮೋಸವಲ್ಲ. ಪ್ರತಿ ಮನುಷ್ಯನೊಳಗೂ ಈ ಬೆಳಕಿನ ಒಂದಂಶವಿದೆ, ಮನುಷ್ಯರು ಇನ್ನಷ್ಟು ಬೇಕೆನ್ನುತ್ತಾರೆ, ಇಲ್ಲಿ ಇದು ಆರಿದರೆ ಎಲ್ಲೆಲ್ಲೂ ಆರುತ್ತದೆ ಎಂದು ಸಾಕುತಾಯಿ ಮಕ್ಕಳಿಗೆ ಹೇಳುತ್ತಾಳೆ. ಅವಳಿಗೆ ಗೊತ್ತಿರುವುದು ಅಷ್ಟೇ. ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವಕ್ಕೆ ಕಾದು ನಿಂತು, ತಂಬಿಗೆಯಲ್ಲಿ ತೀರ್ಥ ತಂದು ಮನೆಯ ಹಿರಿಯರ ಬಾಯಿಗೆ ಹಾಕುವ ನಮ್ಮವರು, ನೀರು ನೆಲದಡಿಯಿಂದ ಹೇಗೆ ಬರುತ್ತದೆ ಎಂಬ ವಿವರಣೆಯನ್ನು ಕೇಳಿಕೊಂಡು ಅಲ್ಲಿಗೆ ಹೋದವರಲ್ಲ. ಜಿಲ್ಲೆಯಲ್ಲಿರುವ 1,200ಕ್ಕೂ ಹೆಚ್ಚು ದೇವರಕಾಡುಗಳಲ್ಲಿ ಒಂದರ ಪಕ್ಕದಲ್ಲಾದರೂ ನೀವು ಬೆಳೆದಿರುತ್ತೀರಿ. ಇಲ್ಲಿ ಕೊಡಲಿ ಹಾಕಬಾರದು ಎಂದು ಹೇಳಿದ ಅಜ್ಜನಿಗೂ ಅದಕ್ಕಿಂತ ಹೆಚ್ಚಿನ ಕಾರಣ ಗೊತ್ತಿದ್ದಿರಲಾರದು. ಕಾಯುವವರಿಗೆ ಕಾಯುವ ವಸ್ತುವಿನ ಪೂರ್ತಿ ಅರ್ಥ ತಿಳಿದಿರಬೇಕೆಂದೇನೂ ಇಲ್ಲ.

ಆದರೆ ತಲಕಾವೇರಿಯ ಮೇಲಿನ ನಂಬಿಕೆ ನಮಗೆ ತಲೆಮಾರುಗಳಿಂದ ಬಂದದ್ದು, ದ್ವೀಪದ ಬೆಳಕಿನ ಮೇಲಿನ ನಂಬಿಕೆಯನ್ನು ಈ ಕಂತು ಮುಕ್ಕಾಲು ಗಂಟೆಯೊಳಗೆ ಹುಟ್ಟಿಸಬೇಕಾಗಿತ್ತು. ಅದಕ್ಕಿಂತ ದೊಡ್ಡ ತೊಡಕು ಧಾರಾವಾಹಿಯೇ ಮೊದಲು ಹಿಡಿದಿದ್ದ ದಾರಿಯದು. ಎರಡನೆಯ ಸೀಸನ್ನಿನಲ್ಲಿ ನೆಲದಡಿಯ ಕೇಂದ್ರವೊಂದರಲ್ಲಿ 108 ನಿಮಿಷಕ್ಕೊಮ್ಮೆ ಅಂಕಿಗಳನ್ನು ಒತ್ತಬೇಕು, ಇಲ್ಲವಾದರೆ ವಿದ್ಯುತ್ಕಾಂತ ಶಕ್ತಿ ಸ್ಫೋಟಗೊಳ್ಳುತ್ತದೆ ಎಂಬ ಕಥೆಯಿತ್ತು. ಧರ್ಮ ಇನಿಶಿಯೇಟಿವ್ ಎಂಬ ವಿಜ್ಞಾನಿಗಳ ತಂಡ, ಅವರ ತರಬೇತಿ ಚಿತ್ರಗಳು, ಕಾಲದಲ್ಲಿ ಹಿಂದೆ ಮುಂದೆ ಜಾರುವ ಪಾತ್ರಗಳು, ಇವೆಲ್ಲ ನೋಡುಗರನ್ನು ಲೆಕ್ಕ ಹಾಕಲು ಕಲಿಸಿದವು. ಲೆಕ್ಕ ಕಲಿಸಿದ ಮೇಷ್ಟ್ರು ಪರೀಕ್ಷೆಯ ದಿನ ಪುರಾಣದ ಪ್ರಶ್ನೆಪತ್ರಿಕೆ ಕೊಟ್ಟರೆ ಮಕ್ಕಳು ದೂರುವುದು ಸಹಜವೆಂಬುದನ್ನು ಶಿಕ್ಷಕಿಯಾದ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ದೂರು ಆ ಬದಲಾವಣೆಯ ಮೇಲಾದರೆ ನಾನು ನಿಮ್ಮ ಜೊತೆಗಿದ್ದೇನೆ.

ಪ್ರಶ್ನೆ: ಕ್ಲೌಡಿಯಾ ಮತ್ತು ಆ ಹೆಂಗಸು ಮೊದಲು ಲ್ಯಾಟಿನ್ನಿನಲ್ಲಿ ಮಾತನಾಡಿ, ನಡುವೆ ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಹೊರಳುತ್ತಾರೆ. ಇದು ತಪ್ಪಲ್ಲವೇ? (ಕಾಲೇಜು ವಿದ್ಯಾರ್ಥಿ, ಗೋಣಿಕೊಪ್ಪಲು)

ಉತ್ತರ: ತಪ್ಪಲ್ಲ, ಅದೊಂದು ರೂಢಿ. ಅವರು ಕೊನೆಯವರೆಗೂ ಲ್ಯಾಟಿನ್ನಿನಲ್ಲೇ ಮಾತನಾಡುತ್ತಿದ್ದಾರೆ, ನಮಗೆ ಮಾತ್ರ ಇಂಗ್ಲಿಷಿನಲ್ಲಿ ಕೇಳಿಸುತ್ತಿದೆ ಎಂದು ತಿಳಿಯಬೇಕು. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಸಂತೆಯಲ್ಲಿ ಕನ್ನಡ, ಗಡಿಯಾಚೆಗೆ ಮಲಯಾಳ ಎಂದು ದಿನವೂ ಭಾಷೆ ಬದಲಿಸುವ ನಮಗೆ ಇದು ಕಷ್ಟವಾಗಬಾರದು.

ಪ್ರಶ್ನೆ: ಕಂತಿನ ಕೊನೆಯಲ್ಲಿ ಜೇಕಬ್ ಸಾಕುತಾಯಿಯನ್ನೂ ತಮ್ಮನನ್ನೂ ಒಂದೇ ಗುಹೆಯಲ್ಲಿ ಮಲಗಿಸುತ್ತಾನೆ. ಮೊದಲ ಸೀಸನ್ನಿನಲ್ಲಿ ಸಿಕ್ಕ ಎರಡು ಅಸ್ಥಿಪಂಜರಗಳು ಇವೇ ಎನ್ನುತ್ತಾರೆ. ಆದರೆ ಆಗ ವೈದ್ಯ ಜಾಕ್ ಬಟ್ಟೆ ಹಾಳಾದ ಬಗೆಯನ್ನು ನೋಡಿ 40-50 ವರ್ಷ ಹಳೆಯವು ಎಂದಿದ್ದನಲ್ಲ? (ಕಾಫಿ ಬೆಳೆಗಾರರು, ಸೋಮವಾರಪೇಟೆ)

ಉತ್ತರ: ಸರಿಯಾಗಿ ಹಿಡಿದಿದ್ದೀರಿ. ಜಾಕ್ ಶಸ್ತ್ರಚಿಕಿತ್ಸಕ, ಹಳೆಯ ಬಟ್ಟೆಯ ವಯಸ್ಸು ಹೇಳುವ ಪರಿಣತ ಅಲ್ಲ; ಅವನ ಅಂದಾಜು ತಪ್ಪಾಯಿತು ಎಂದು ಸಮರ್ಥಿಸಬಹುದು, ಅನೇಕ ಅಭಿಮಾನಿಗಳು ಹಾಗೆಯೇ ಸಮರ್ಥಿಸಿದ್ದಾರೆ. ನನಗೆ ಅದು ಸಮಾಧಾನ ಕೊಡುವುದಿಲ್ಲ, ಏಕೆಂದರೆ ಕಥೆಯನ್ನು ಮೊದಲಿನಿಂದಲೂ ಯೋಚಿಸಿಟ್ಟಿದ್ದೆವು ಎಂಬುದಕ್ಕೆ ಈ ಅಸ್ಥಿಪಂಜರಗಳೇ ಸಾಕ್ಷಿಯಾಗಲಿವೆ ಎಂದು ಧಾರಾವಾಹಿಯ ಹೊಣೆ ಹೊತ್ತವರು ಹಿಂದೆಯೇ ಹೇಳಿಕೊಂಡಿದ್ದರು. ಅಷ್ಟು ಭಾರ ಹೊರಿಸಿದ ಮೇಲೆ ಲೆಕ್ಕ ಕೂಡಬೇಕಾಗಿತ್ತು. ಇದಕ್ಕಿಂತ ನನ್ನನ್ನು ನೋಯಿಸಿದ್ದು ಬೇರೆ. ಜೇಕಬ್ ಶವಗಳ ಬಳಿ ಕಪ್ಪು ಬಿಳುಪು ಕಲ್ಲುಗಳ ಚೀಲವನ್ನು ಇಡುವ ಮೌನದ ನಡುವೆ, ವಿಮಾನ ಅಪಘಾತದಲ್ಲಿ ಬದುಕುಳಿದ ಜಾಕ್, ಕೇಟ್, ಲಾಕ್ ಇರುವ ಮೊದಲ ಸೀಸನ್ನಿನ ಹಳೆಯ ತುಣುಕನ್ನು ತಂದು ಸೇರಿಸಿದ್ದಾರೆ. ಆರು ವರ್ಷ ಜೊತೆಗೆ ನಡೆದ ನೋಡುಗರಿಗೆ ಆ ಕಲ್ಲುಗಳು ನೆನಪಿರುತ್ತವೆ ಎಂಬ ವಿಶ್ವಾಸವನ್ನು ಅವರು ತೋರಬೇಕಾಗಿತ್ತು.

ಪ್ರಶ್ನೆ: ನನಗೂ ನನ್ನ ಅಣ್ಣನಿಗೂ ಈ ಕಂತಿನ ವಿಷಯವಾಗಿ ಮಾತು ನಿಂತಿಲ್ಲ. ಎರಡನೆಯ ಸಲ ನೋಡುವಾಗ ಇದನ್ನು ಬಿಟ್ಟು ಮುಂದಕ್ಕೆ ಹೋಗಬಹುದು ಎಂಬುದು ನನ್ನ ಮಾತು. ಇದಿಲ್ಲದೆ ಮುಕ್ತಾಯವೇ ಇಲ್ಲ ಎಂಬುದು ಅಣ್ಣನ ಮಾತು. ನೀವು ಯಾರ ಪಕ್ಷ? (ಅಣ್ಣ ತಂಗಿ, ನಾಪೋಕ್ಲು)

ಉತ್ತರ: ಕಥೆಯ ವಿಷಯದಲ್ಲಿ ಅಣ್ಣನ ಪಕ್ಷ, ಜಾಗದ ವಿಷಯದಲ್ಲಿ ತಂಗಿಯ ಪಕ್ಷ. ಕೊನೆಯ ಕಂತಿನಲ್ಲಿ ಡೆಸ್ಮಂಡ್ ಎಂಬ ಪಾತ್ರ ಹಗ್ಗ ಹಿಡಿದು ಅದೇ ಗುಹೆಗೆ ಇಳಿದು, ನಡುವಿನ ಕಲ್ಲನ್ನು ಕಿತ್ತಾಗ ದ್ವೀಪ ನಡುಗುತ್ತದೆ, ಹೊಗೆಯ ಭೂತ ಮನುಷ್ಯನಂತೆ ಸಾಯಬಲ್ಲವನಾಗುತ್ತಾನೆ. ಮೇ 11ರ ಕಂತನ್ನು ನೋಡದವರಿಗೆ ಇದೆಲ್ಲ ಎಲ್ಲಿಂದಲೋ ಬಂದು ಬಿದ್ದ ಘಟನೆಯಾಗುತ್ತದೆ. ನಾಲ್ಕನೆಯ ಸೀಸನ್ನಿನ ಕೊನೆಯಲ್ಲಿ ದ್ವೀಪವನ್ನೇ ಸರಿಸಲು ಬೆನ್ ಎಂಬ ಪಾತ್ರ ತಿರುಗಿಸಿದ ಚಕ್ರವನ್ನು ಮೊದಲು ಕಲ್ಪಿಸಿದವನು ಈ ಕಂತಿನ ಹೆಸರಿಲ್ಲದ ಮಗನೇ ಎಂಬುದನ್ನೂ ಮರೆಯಬಾರದು. ಹಾಗಾಗಿ ಬಿಟ್ಟು ಹೋಗುವಂತಿಲ್ಲ.

ಇನ್ನು ಜಾಗದ ಮಾತು. ಒಂದು ವಾರ ಮೊದಲು, ಮೇ 4ರ ಕಂತಿನಲ್ಲಿ, ಜಲಾಂತರ್ಗಾಮಿಯೊಳಗೆ, ಬದುಕುಳಿದವರಲ್ಲಿ ಒಬ್ಬನಾದ ಸಯೀದ್ ಬಾಂಬನ್ನು ಎತ್ತಿಕೊಂಡು ಓಡಿ ಸತ್ತಿದ್ದ. ಸನ್ ಮತ್ತು ಜಿನ್ ದಂಪತಿ ಕೈ ಬಿಡದೆ ನೀರಿನಲ್ಲಿ ಮುಳುಗಿದ್ದರು. ಸಾವಾದ ಮನೆಯಿಂದ ಬಂದವರಿಗೆ ಮಾರನೆಯ ದಿನವೇ ವಂಶಾವಳಿ ಓದಿ ಹೇಳಿದರೆ ಯಾರ ಕಿವಿಗೆ ಬಿದ್ದೀತು? ಅದೂ ಮುಖ್ಯ ತಾರಾಗಣದ ಯಾರೊಬ್ಬರ ಹೊಸ ದೃಶ್ಯವೂ ಇಲ್ಲದ ಕಂತು. ಅಂದು ಸಿಟ್ಟಾದವರಲ್ಲಿ ಬಹುಪಾಲು ಜನ ಬೆಳಕಿನ ಮೇಲೆ ಹೇರಿದ ಸಿಟ್ಟು, ದುಃಖಕ್ಕೆ ಬಿಡುವು ಸಿಗದ ಸಿಟ್ಟೆಂದು ನನಗೆ ಅನ್ನಿಸುತ್ತದೆ. ಇದೇ ಸೀಸನ್ನಿನಲ್ಲಿ ಮಾರ್ಚ್ 23ರಂದು ಜೇಕಬ್‌ನ ಸಹಾಯಕ ರಿಚರ್ಡ್‌ನ ಹಿಂದಿನ ಬದುಕನ್ನು ಹೇಳುವ ಕಂತು ಬಂದಿತ್ತು. ದ್ವೀಪವೆಂದರೆ ಕೆಡುಕನ್ನು ಒಳಗೆ ಹಿಡಿದಿಟ್ಟ ಬಿರಡೆ ಎಂದು ಜೇಕಬ್ ಅದರಲ್ಲಿ ದ್ರಾಕ್ಷಾರಸದ ಸೀಸೆ ತೋರಿಸಿ ಹೇಳುತ್ತಾನೆ. ಅದರ ಬೆನ್ನಿಗೇ ಅವಳಿಗಳ ಕಥೆ ಬಂದಿದ್ದರೆ ನೋಡುಗರು ಅದನ್ನು ಬೇರೆಯದೇ ಮನಸ್ಸಿನಿಂದ ಬರಮಾಡಿಕೊಳ್ಳುತ್ತಿದ್ದರು. ಆತುರದ ಕಾರಣದಿಂದ ಹೀಗಾಯಿತು ಎನ್ನುವಂತೆಯೂ ಇಲ್ಲ. ಧಾರಾವಾಹಿ 2010ರಲ್ಲಿ ಮುಗಿಯುವುದೆಂದು 2007ರಲ್ಲೇ ನಿಶ್ಚಯವಾಗಿತ್ತು. ಎರಡನೆಯ ಸಲ ನೋಡುವಾಗ ನೀವಿಬ್ಬರೂ ರಿಚರ್ಡ್‌ನ ಕಂತಾದ ಮೇಲೆ ಇದನ್ನು ನೋಡಿ, ಮತ್ತೆ ಹಿಂದಿನ ಕ್ರಮಕ್ಕೆ ಮರಳಿ ಎಂಬುದು ನನ್ನ ಸಲಹೆ.

ಪ್ರಶ್ನೆ: ತನಗೆ ಇಷ್ಟವಿಲ್ಲವೆಂದು ಹೇಳಿಯೂ ಜೇಕಬ್ ಸಾಕುತಾಯಿ ಕೊಟ್ಟ ದ್ರಾಕ್ಷಾರಸ ಕುಡಿದು ಕಾವಲುಗಾರನಾಗುವುದೇಕೆ? (ಪೊನ್ನಂಪೇಟೆಯ ಓದುಗರು)

ಉತ್ತರ: ನಮ್ಮ ಒಕ್ಕದಲ್ಲಿ, ಅಂದರೆ ಕೊಡವ ಮನೆತನದಲ್ಲಿ, ಪಟ್ಟೇದಾರಿಕೆ ಎಂಬ ಯಜಮಾನಿಕೆ ಹಿರಿಯನಿಗೆ ತಾನಾಗಿಯೇ ಬರುತ್ತದೆ; ಅಲ್ಲಿ ಯಾರು ಹೆಚ್ಚು ಪ್ರೀತಿಪಾತ್ರರು ಎಂಬ ಪ್ರಶ್ನೆ ಏಳುವುದಿಲ್ಲ, ಆದ್ದರಿಂದ ಹೊಣೆಯ ಜೊತೆ ಆ ಮುಳ್ಳು ಸೇರಿಕೊಂಡು ಬರುವುದಿಲ್ಲ. ಜೇಕಬ್‌ನಿಗೆ ಆ ಪುಣ್ಯವಿಲ್ಲ. ಅವಳು ಬಯಸಿದ್ದು ತಮ್ಮನನ್ನು ಎಂಬುದು ಅವನಿಗೆ ಗೊತ್ತು, ಅದನ್ನು ಅವಳ ಮುಖಕ್ಕೆ ಹೇಳುತ್ತಾನೆ ಕೂಡ. ಆದರೂ ಕುಡಿಯುತ್ತಾನೆ, ಏಕೆಂದರೆ ಅವನಿಗೆ ಅವಳಲ್ಲದೆ ಬೇರೆ ಯಾರೂ ಇಲ್ಲ.

ಪ್ರಶ್ನೆ: ನಾನು ಇಬ್ಬರು ಮಕ್ಕಳ ತಾಯಿ. ಹೆತ್ತವಳನ್ನು ಕೊಂದು ಮಕ್ಕಳನ್ನು ಕದ್ದವಳನ್ನು ಈ ಕಂತು ಕೊನೆಯವರೆಗೂ 'ತಾಯಿ' ಎಂದೇ ಕರೆಯುತ್ತದೆ. ಇರಿದ ಮಗನಿಗೆ ಧನ್ಯವಾದ ಹೇಳಿ ಸಾಯುವ ಅವಳಿಗಾಗಿ ನಾವು ಮರುಗಬೇಕೆಂದೂ ಬಯಸುತ್ತದೆ. ನನಗೆ ಅಸಹ್ಯವಾಯಿತು. ನೀವು ಇದನ್ನು ಹೇಗೆ ಮೆಚ್ಚಿದಿರಿ? (ಗೃಹಿಣಿ, ಮಡಿಕೇರಿ)

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ನನ್ನನ್ನು ಬಹಳ ಯೋಚಿಸುವಂತೆ ಮಾಡಿದ್ದು ನಿಮ್ಮದು. ಉಳಿದವರು ಬೆಳಕು, ಅಸ್ಥಿಪಂಜರಗಳಂಥ ವಿಷಯಗಳನ್ನು ಕೇಳಿದ್ದಾರೆ. ಈ ಕಂತು ನಿಜಕ್ಕೂ ಯಾವುದರ ಕುರಿತಾದದ್ದೋ ಅದನ್ನು ನೀವು ಕೇಳಿದ್ದೀರಿ. ಕ್ಲೌಡಿಯಾ ಒಂದೇ ಮಗುವನ್ನು ನಿರೀಕ್ಷಿಸಿದ್ದರಿಂದ ಒಂದೇ ಹೆಸರನ್ನು ಯೋಚಿಸಿಟ್ಟಿದ್ದಳು. ಎರಡನೆಯ ಮಗುವಿಗೆ ಹೆಸರಿಡುವ ಮೊದಲೇ ಅವಳನ್ನು ಕೊಂದ ಸಾಕುತಾಯಿ, ಆಮೇಲೆ ಆ ಮಗುವನ್ನೇ ಹೆಚ್ಚು ಪ್ರೀತಿಸಿದಳು; ಆದರೆ ಹೆಸರಿನಿಂದ ಅವಳು ಅವನನ್ನು ಕರೆದದ್ದನ್ನು ನಾವು ಒಮ್ಮೆಯೂ ಕೇಳುವುದಿಲ್ಲ. ಕಡಲಾಚೆಗೆ ಏನೂ ಇಲ್ಲ ಎಂದು ಸುಳ್ಳು ಹೇಳಿ ಬೆಳೆಸಿದಳು. ಅಗಸ್ತ್ಯರು ಕಮಂಡಲದಲ್ಲಿ ಇಟ್ಟ ಕಾವೇರಿ ಹೊರಗೆ ಹರಿದ ಕಥೆಯನ್ನು ಕೇಳಿ ಬೆಳೆದ ನಮಗೆ ಆ ಹುಡುಗನ ಮನಸ್ಸು ಅರ್ಥವಾಗದೇ ಇರದು. ಅವಳ ಪ್ರೀತಿ ಸುಳ್ಳಲ್ಲ, ಅದೇ ಈ ಕಂತಿನ ಭಯಾನಕ ಅಂಶ. ಆ ಪಾತ್ರ ಮಾಡಿದ ಆಲಿಸನ್ ಜಾನಿ ಎರಡನ್ನೂ ಒಂದೇ ಮುಖದಲ್ಲಿ ತೋರಿಸಿದ್ದಾರೆ. ಮರುಕ ಹುಟ್ಟಿದರೆ ಅದು ಕ್ಷಮೆಯೆಂದು ಅರ್ಥವಲ್ಲ.

ಕಂತು ಅವಳನ್ನು ಒಪ್ಪಿಕೊಂಡಿತೇ ಎಂಬುದಕ್ಕೆ ಉತ್ತರ ಮುಂದಿನ ವಾರದ ಕಂತಿನಲ್ಲಿದೆ, ಅದಕ್ಕಾಗಿಯೇ ನಾನು ಇದನ್ನು ಮೆಚ್ಚಿದೆ. ಮೇ 18ರ ಕಂತಿನಲ್ಲಿ ಜೇಕಬ್ ಬೆಂಕಿಯ ಮುಂದೆ ಕುಳಿತು, ತನಗೆ ಎಂದೂ ಸಿಗದ ಆಯ್ಕೆಯನ್ನು ಉಳಿದವರ ಮುಂದಿಡುತ್ತಾನೆ. ಇಷ್ಟವಿದ್ದವರು ಕಾವಲು ವಹಿಸಿಕೊಳ್ಳಲಿ, ಬಲವಂತವಿಲ್ಲ ಎನ್ನುತ್ತಾನೆ. ಕಾವಲಿಗೆ ತಕ್ಕವರೆಂದು ಜೇಕಬ್ ಗುಹೆಯ ಗೋಡೆಯಲ್ಲಿ ಬರೆದಿದ್ದ ಹೆಸರುಗಳಲ್ಲಿ ತನ್ನದನ್ನು ಹೊಡೆದು ಹಾಕಿದ್ದೇಕೆ ಎಂದು ಕೇಟ್ ಕೇಳುತ್ತಾಳೆ. ನೀನು ತಾಯಿಯಾದೆ, ಅದಕ್ಕೆ ಎನ್ನುತ್ತಾನೆ ಜೇಕಬ್; ಅದು ಬರಿಯ ಸೀಮೆಸುಣ್ಣದ ಗೀಟು, ಬೇಕಿದ್ದರೆ ಈ ಕೆಲಸ ನಿನ್ನದೇ ಎಂದೂ ಹೇಳುತ್ತಾನೆ. ಕೇಟ್ ತಾಯಿಯಾದದ್ದು ಯಾವ ಮಗುವಿಗೆ ಎಂಬುದನ್ನು ನೆನಪಿಸಿಕೊಳ್ಳಿ. ಆರನ್ ಅವಳು ಹೆತ್ತ ಮಗುವಲ್ಲ, ಅವಳ ಜೊತೆ ಬದುಕುಳಿದ ಕ್ಲೇರ್ ಹೆತ್ತ ಮಗು. ದ್ವೀಪದಿಂದ ಪಾರಾಗಿ ಮೂರು ವರ್ಷ ಅವನನ್ನು ಸಾಕಿದ ಕೇಟ್, ಕೊನೆಗೆ ಅವನನ್ನು ಕ್ಲೇರ್‌ಳ ತಾಯಿಯ ಮಡಿಲಿಗೆ ಒಪ್ಪಿಸಿ, ಹೆತ್ತವಳನ್ನು ಹುಡುಕಿ ಕರೆತರಲೆಂದೇ ಆ ದ್ವೀಪಕ್ಕೆ ಮರಳಿದ್ದಳು. ಕೊನೆಯ ಕಂತಿನಲ್ಲಿ ಹೊರಡಲು ಸಿದ್ಧವಾದ ವಿಮಾನದ ಮುಂದೆ, ತಾಯಿಯಾಗಿರುವುದು ತನಗೆ ಇನ್ನು ಸಾಧ್ಯವಿಲ್ಲ ಎಂದು ಹಿಂಜರಿದ ಕ್ಲೇರ್‌ಳನ್ನು ಕೈಹಿಡಿದು ಹತ್ತಿಸಿದವಳೂ ಅವಳೇ.